ಇಪ್ಪತ್ತೇಳು ಅಂದರೆ ಯಾವ ಕಡೆ

ಎಮಿಲ್ ಸೆಡ್ಲಾಕ್ ನಮ್ಮ ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿದ್ದದ್ದು ನಾಲ್ಕೇ ವರ್ಷ, ಆ ಕೆಲಸಕ್ಕಾಗಿ ಕಾದದ್ದು ಹದಿನೇಳು ವರ್ಷ, ಅದು ಕೈಬಿಟ್ಟು ಹೋದದ್ದು ಎಡ ಯಾವುದು ಬಲ ಯಾವುದು ಅನ್ನುವ ಒಂದು ಚಿಕ್ಕ ವಿಷಯದಲ್ಲಿ. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ನಾವು ಗ್ಯಾಲರಿಯಲ್ಲಿ ಕೂತು ಕಣ್ಣಾರೆ ನೋಡಿದವರು, ನೋಡಿದ್ದು ಏನು ಅಂತ ತಿಳಿಯದೆ ಚಪ್ಪಾಳೆ ಹೊಡೆದವರು, ಆಮೇಲೆ ಅವರ ಹೆಂಡತಿ ವೆರೋನಾ ಬಾಯಿಂದಲೂ ಟೀಮಿನ ಹುಡುಗ ಲೆನ್ನಿ ಪಾವ್ಲಿಕ್ ಬಾಯಿಂದಲೂ ಚೂರುಚೂರಾಗಿ ಕೇಳಿಸಿಕೊಂಡವರು, ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಎಮಿಲ್ ಅವರ ಊರು ಕಾರ್ಬನ್ ರನ್. ಪೆನ್ಸಿಲ್ವೇನಿಯಾದ ಪಶ್ಚಿಮದಲ್ಲಿ, ಎರಡು ಗುಡ್ಡದ ನಡುವೆ ಒಂದು ಕಲ್ಲಿದ್ದಲು ಗಣಿ, ಒಂದು ಚರ್ಚು, ಒಂದು ಹೈಸ್ಕೂಲು, ಮಿಕ್ಕಿದ್ದೆಲ್ಲ ಒಂದೇ ಥರದ ಮನೆಗಳು. ಅಪ್ಪ ಸ್ಲೋವಾಕ್ ನಾಡಿನಿಂದ ಬಂದು ಗಣಿಗೆ ಇಳಿದವರು. ಹದಿನಾಲ್ಕನೇ ವಯಸ್ಸಿಗೆ ಹುಡುಗರೆಲ್ಲ ಗಣಿಗೆ ಇಳಿಯುವುದು ಅಲ್ಲಿಯ ರೂಢಿ, ಎಮಿಲ್ ಮಾತ್ರ ಸ್ಕೂಲಿನ ಫುಟ್‌ಬಾಲ್ ಟೀಮಿಗೆ ಸೇರುತ್ತೇನೆ ಅಂದರು. ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, "ಒದೆ ತಿನ್ನೋಕೆ ಸ್ಕೂಲಿಗೆ ಯಾಕೆ ಹೋಗ್ಬೇಕೋ ಸಿನ್ಕು? ಗಣೀಲಿ ಪುಕ್ಕಟೆ ಸಿಗುತ್ತೆ," ಅಂದರಂತೆ. ಸಿನ್ಕು ಅಂದರೆ ಅವರ ಮಾತಿನಲ್ಲಿ ಮಗನೇ ಅಂತ. ಆದರೂ ಕಳಿಸಿದರು. ಮಗ ಬೆಳಕಿನಲ್ಲಿ ಒದೆ ತಿನ್ನಲಿ ಅನ್ನಿಸಿರಬೇಕು.

ಆ ಸ್ಕೂಲಿನ ಕೋಚ್ ಪ್ರಾಸರ್ ಅನ್ನುವ ಲ್ಯಾಟಿನ್ ಮೇಷ್ಟ್ರು. ಇವರ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಇವರಿಂದಲೇ ಹುಟ್ಟಿದ್ದು. ನಮ್ಮ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ಅದರಲ್ಲಿ ಮುಂದಿನ ಸಾಲಿನ ಏಳು ಜನ ಬಾಗಿ, ನೆಲಕ್ಕೆ ಕೈಯೂರಿ ನಿಲ್ಲುತ್ತಾರೆ. ಅವರ ನಡುವಿನ ಒಂದೊಂದು ಸಂದಿಗೂ ಒಂದೊಂದು ಸಂಖ್ಯೆ. ಇಪ್ಪತ್ತೇಳು ಅಂದರೆ ಎರಡನೇ ಓಟಗಾರ ಚೆಂಡು ಹಿಡಿದು ಏಳನೇ ಸಂದಿಯಲ್ಲಿ ನುಗ್ಗಬೇಕು. ದೇಶದಲ್ಲಿ ಹೆಚ್ಚಿನ ಟೀಮುಗಳಿಗೆ ಸಮಸಂಖ್ಯೆ ಬಲಗಡೆ, ಬೆಸ ಎಡಗಡೆ. ಪ್ರಾಸರ್ ಮೇಷ್ಟ್ರು ಮಾತ್ರ ಹುಡುಗರ ಎದುರಿಗೆ ನಿಂತು, ತಮ್ಮ ಬಲಗೈ ಚಾಚಿ ಎರಡು ನಾಲ್ಕು ಆರು ಎಂಟು ಅಂತ ಎಣಿಸಿಬಿಟ್ಟರು. ಮೇಷ್ಟ್ರ ಬಲ ಹುಡುಗರಿಗೆ ಎಡ. ಆಮೇಲೆ ಯಾರೂ ತಿದ್ದಲಿಲ್ಲ, ಅವರೇ ತಿದ್ದಿಕೊಳ್ಳಲಿಲ್ಲ. ಕಾರ್ಬನ್ ರನ್‌ನಲ್ಲಿ ಸಮ ಎಡಕ್ಕೆ, ಬೆಸ ಬಲಕ್ಕೆ, ಅದೇ ಕಾನೂನು.

ಎಮಿಲ್ ಆ ಮುಂದಿನ ಸಾಲಿನ ಆಟಗಾರ, ಅಂದರೆ ಚೆಂಡು ಯಾವತ್ತೂ ಮುಟ್ಟದೆ, ಚೆಂಡು ಹಿಡಿದವನಿಗೆ ದಾರಿ ಬಿಡಿಸಿಕೊಡಲು ತಲೆಯಿಂದ ಗುದ್ದುವವರು. ಆಗ ಹೆಲ್ಮೆಟ್ ಅಂದರೆ ಚರ್ಮದ ಟೊಪ್ಪಿಗೆ. ಸ್ಕೂಲಿನಲ್ಲಿ ನಾಲ್ಕು ವರ್ಷ, ಕಾಲೇಜಿನಲ್ಲಿ ಮೂರು ವರ್ಷ, ಆಮೇಲೆ ಸರೋವರದ ದಡದ ಒಂದು ಊರಿನ ವೃತ್ತಿ ತಂಡಕ್ಕೆ ಹನ್ನೊಂದು ಪಂದ್ಯ ಆಡಿದರು. ಆ ತಂಡ ಈಗ ಇಲ್ಲ. ಪ್ರಜ್ಞೆ ತಪ್ಪಿ ಬಿದ್ದವರನ್ನು ಎಬ್ಬಿಸಿ ಬೆರಳು ತೋರಿಸಿ ಎಷ್ಟು ಅಂತ ಕೇಳುತ್ತಿದ್ದ ಅಲ್ಲಿಯ ಮುದುಕನಿಗೆ ಆ ಕೈಯಲ್ಲಿ ಇದ್ದದ್ದೇ ಎರಡು ಬೆರಳು, ಮಿಕ್ಕವು ಮರದ ಮಿಲ್ಲಿನಲ್ಲಿ ಹೋಗಿದ್ದವು. ಆದ್ದರಿಂದ ಎಲ್ಲರೂ ಕಣ್ಣು ಬಿಡುವ ಮೊದಲೇ "ಎರಡು" ಅಂದು ವಾಪಸು ಓಡುತ್ತಿದ್ದರು. ಎಮಿಲ್ ಆ ಹನ್ನೊಂದು ಪಂದ್ಯದಲ್ಲಿ ಆರು ಸಲ "ಎರಡು" ಅಂದಿದ್ದರು. ಇದನ್ನು ಅವರು ಜೋಕಿನ ಹಾಗೆ ಹೇಳುತ್ತಿದ್ದರು, ಕೇಳುವವರೂ ನಗುತ್ತಿದ್ದರು, ವೆರೋನಾ ಒಬ್ಬರನ್ನು ಬಿಟ್ಟು.

ಎರಡನೇ ಮಹಾಯುದ್ಧ ಮುಗಿಸಿ ಬಂದು ಸಾವಿರದ ಒಂಬೈನೂರ ನಲವತ್ತಾರರಲ್ಲಿ ಕಾರ್ಬನ್ ರನ್ ಹೈಸ್ಕೂಲಿಗೆ ಕೋಚ್ ಆದರು. ಪ್ರಾಸರ್ ಮೇಷ್ಟ್ರು ತೀರಿಕೊಂಡಿದ್ದರು, ಅವರ ಸಂಖ್ಯೆಗಳು ಹಾಗೇ ಇದ್ದವು, ಇವರೂ ಹಾಗೇ ಇಟ್ಟುಕೊಂಡರು. ಹದಿನೇಳು ವರ್ಷ. ಅಷ್ಟೂ ವರ್ಷ ಒಳ್ಳೆಯ ಟೀಮು, ಶುಕ್ರವಾರ ಸಂಜೆ ಊರಿಗೆ ಊರೇ ಮೈದಾನದಲ್ಲಿ, ಗಣಿಯ ಪಾಳಿಯನ್ನೇ ಪಂದ್ಯಕ್ಕೆ ತಕ್ಕ ಹಾಗೆ ಬದಲಿಸುತ್ತಿದ್ದರು. ಊರಿಗೆ ಸಾಕಾಗಿತ್ತು. ಅವರಿಗೆ ಸಾಕಾಗಲಿಲ್ಲ. ಕಾಲೇಜಿನ ಕೋಚ್ ಆಗಬೇಕು, ಶನಿವಾರ ಮಧ್ಯಾಹ್ನದ ಆಟ ಆಡಿಸಬೇಕು, ಇದೊಂದೇ. ಪ್ರತಿ ಜನವರಿಯಲ್ಲಿ ಹತ್ತಾರು ಕಾಲೇಜಿಗೆ ಕಾಗದ ಬರೆಯುತ್ತಿದ್ದರು. ನೀವು ಒಳ್ಳೆಯ ಹೈಸ್ಕೂಲ್ ಕೋಚ್ ಅಂತ ಉತ್ತರ ಬರುತ್ತಿತ್ತು. ಹೊಗಳಿಕೆಯಂತೆ ಕಾಣುವ ಆ ಸಾಲಿನಲ್ಲಿ ಬಾಗಿಲು ಹಾಕಿದ ಸದ್ದು ಕೇಳಿಸುತ್ತೆ ಅನ್ನುತ್ತಿದ್ದರಂತೆ.

ಅರವತ್ಮೂರರ ವಸಂತದಲ್ಲಿ ನಮ್ಮ ಕಾಲೇಜಿನಿಂದ ಫೋನ್ ಬಂತು. ನಮ್ಮದು ಬೆಟ್ಟದ ಮೇಲಿನ ಸಣ್ಣ ಕಾಲೇಜು, ಟೀಮು ಸೋಲುವುದಕ್ಕೇ ಹೆಸರಾದದ್ದು, ಬೇರೆ ಯಾರೂ ಬರಲು ಒಪ್ಪಿರಲಿಲ್ಲ, ಅದೆಲ್ಲ ಅವರಿಗೆ ಬೇಕಾಗಿರಲಿಲ್ಲ. ನಲವತ್ತೆಂಟು ವರ್ಷದ ಮನುಷ್ಯ ಫೋನ್ ಇಟ್ಟು ಹಿತ್ತಿಲಿಗೆ ಹೋಗಿ ಕೋಳಿಗೂಡಿನ ಮುಂದೆ ನಿಂತು ಅತ್ತರು ಅಂತ ವೆರೋನಾ ಹೇಳಿದ್ದು.

ಕಾಲೇಜಿನಲ್ಲಿ ಆಟದ ಮೇಲ್ವಿಚಾರಣೆ ಪ್ರೊಫೆಸರ್ ವಿಟ್ಮರ್ ಅವರದ್ದು. ಇತಿಹಾಸ ಪಾಠ ಮಾಡುವವರು, ಮೃದು ಮನುಷ್ಯ. ಮೊದಲ ದಿನವೇ ಅವರ ಕೋಣೆಯಲ್ಲಿ ಆ ಮಾತು ಬಂತು.

"ಎಮಿಲ್, ನಮ್ಮ ಹುಡುಗ್ರು ಸಮ ಬಲಕ್ಕೆ, ಬೆಸ ಎಡಕ್ಕೆ ಅಂತ ಕಲ್ತಿದ್ದಾರೆ. ನಿಮ್ಮದು ಉಲ್ಟಾ ಅಂತ ಕೇಳ್ದೆ. ಬದಲಾಯಿಸ್ಬೇಕಾ?"

"ಬೇಡ ಪ್ರೊಫೆಸರ್. ಐವತ್ತು ಜನ ಬದಲಾಗೋಕಿಂತ ನಾನೊಬ್ಬ ಬದಲಾಗೋದು ಸುಲಭ."

ಎಷ್ಟು ಒಳ್ಳೆಯ ಮಾತು. ಕೆಲಸ ಕೊಟ್ಟವರಿಗೆ ಮೊದಲ ದಿನವೇ ತೊಂದರೆ ಕೊಡಬಾರದು ಅನ್ನುವ ಮರ್ಯಾದೆ. ವಿಟ್ಮರ್ ಎದ್ದು ಕೈ ಕುಲುಕಿದರು. ಆ ಮರ್ಯಾದೆಯೇ ಎಮಿಲ್ ಅವರನ್ನು ಮುಳುಗಿಸಿತು.

ಅದೇ ಟೀಮಿನಲ್ಲಿ ಲೆನ್ನಿ ಪಾವ್ಲಿಕ್ ಇದ್ದ. ಕಾರ್ಬನ್ ರನ್‌ನವನೇ, ಹೈಸ್ಕೂಲಿನಲ್ಲಿ ಇವರ ಕೈಯಲ್ಲೇ ಪಳಗಿದವನು, ಒಂದು ವರ್ಷ ಮುಂಚೆ ನಮ್ಮ ಕಾಲೇಜಿಗೆ ಬಂದು ಸೇರಿದ್ದ. ಅವನು ಕ್ವಾರ್ಟರ್‌ಬ್ಯಾಕ್, ಅಂದರೆ ಪ್ರತಿ ಆಟದಲ್ಲೂ ಚೆಂಡು ಮೊದಲು ಅವನ ಕೈಗೆ, ಯಾವ ಸಂಖ್ಯೆ ಅಂತ ಸಾಲಿನವರಿಗೆ ಕೂಗಿ ಹೇಳುವವನೂ ಅವನೇ. ಸಂಖ್ಯೆ ಆರಿಸುವವರು ಕೋಚ್. ಗೆರೆಯ ಹೊರಗೆ ನಿಂತು ಒಬ್ಬ ಆಟಗಾರನ ಕಿವಿಯಲ್ಲಿ ಹೇಳುತ್ತಾರೆ, ಅವನು ಒಳಗೆ ಓಡಿ ಲೆನ್ನಿಗೆ ಹೇಳುತ್ತಾನೆ.

ಸೋಮವಾರದಿಂದ ಶುಕ್ರವಾರದವರೆಗೆ, ಅಭ್ಯಾಸದಲ್ಲಿ, ಕೋಚ್ ಒಂದು ತಪ್ಪೂ ಮಾಡುತ್ತಿರಲಿಲ್ಲ. ಹೊಸ ಲೆಕ್ಕವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಆದರೆ ಮೊದಲ ವರ್ಷದ ಎರಡನೇ ಶನಿವಾರ, ಪಂದ್ಯ ಬಿಸಿಯಾಗಿದ್ದಾಗ, ಇಪ್ಪತ್ತೈದು ಅಂತ ಸುದ್ದಿ ಬಂತು. ಲೆನ್ನಿ ಎದುರಿನ ಸಾಲು ನೋಡಿದ. ಬಲಗಡೆ ಬಾಗಿಲು ತೆರೆದ ಹಾಗೆ ಜಾಗವಿದೆ, ಎಡಗಡೆ ಗೋಡೆ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಅಂದರೆ ಎಡ. ಕಾರ್ಬನ್ ರನ್ ಲೆಕ್ಕದಲ್ಲಿ ಬಲ. ಕೋಚ್ ಆ ಗೋಡೆಗೆ ಯಾವತ್ತೂ ಕಳಿಸುವವರಲ್ಲ ಅಂತ ಅವನಿಗೆ ಗೊತ್ತು, ನಾಲ್ಕು ವರ್ಷ ಅವರ ತಲೆಯೊಳಗೇ ಬದುಕಿದ ಹುಡುಗ. ಇಪ್ಪತ್ತಾರು ಅಂತ ಕೂಗಿದ. ಬಲಕ್ಕೆ ಹೋದರು, ಮೂವತ್ತು ಗಜ ಓಡಿ ಕೊನೆಯ ಗೆರೆ ದಾಟಿದರು, ಟಚ್‌ಡೌನ್, ಆರು ಅಂಕ. ಕೋಚ್ ಅಲ್ಲಿ ನಿಂತು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಆಟವಾದ ಮೇಲೆ ಲೆನ್ನಿಯ ಬೆನ್ನು ತಟ್ಟಿ, "ಇಪ್ಪತ್ತೈದು ಹೆಂಗಿತ್ತೋ?" ಅಂದರು.

"ಚೆನ್ನಾಗಿತ್ತು ಕೋಚ್," ಅಂದ ಲೆನ್ನಿ.

ಆವತ್ತೇ ಹೇಳಬಹುದಿತ್ತು. ಒಂದು ಸಲದ ತಪ್ಪು ತಾನೆ, ಯಾಕೆ ಹೇಳಿ ನೋಯಿಸುವುದು ಅಂದುಕೊಂಡ. ಎರಡನೇ ಸಲ ಆದಾಗ, ಮೊದಲನೆಯದನ್ನೇ ಹೇಳಿರಲಿಲ್ಲವಲ್ಲ ಅಂದುಕೊಂಡ. ಆಮೇಲೆ ಅದೇ ಕೆಲಸವಾಯಿತು. ವರ್ಷಕ್ಕೆ ಮೂರು ನಾಲ್ಕು ಇದ್ದದ್ದು ಎರಡನೇ ವರ್ಷ ಪಂದ್ಯಕ್ಕೆ ಒಂದಾಯಿತು, ಮೂರನೇ ವರ್ಷ ಪಂದ್ಯಕ್ಕೆ ನಾಲ್ಕಾಯಿತು. ಟೀಮು ಗೆಲ್ಲತೊಡಗಿತು, ಜನ ಬರತೊಡಗಿದರು, ನಾವು ಗಂಟಲು ಹರಿಯುವ ಹಾಗೆ ಕೂಗತೊಡಗಿದೆವು, ಸೆಡ್ಲಾಕ್ ತಲೆ ಅಂದರೆ ತಲೆ ಅಂತ ಪಕ್ಕದ ಊರಿನ ಪತ್ರಿಕೆ ಬರೆಯಿತು.

ಮನೆಯಲ್ಲಿ ವೆರೋನಾ ಬೇರೆಯದೇ ನೋಡುತ್ತಿದ್ದರು. ಕಾಲೇಜಿನಿಂದ ಹೊರಟ ಕಾರು ಬಾಡಿಗೆ ಮನೆಗೆ ಬರುವ ಬದಲು ನಲವತ್ತು ಮೈಲಿ ಹೋಗಿ ಕಾರ್ಬನ್ ರನ್‌ನ ಹಳೆಯ ಮನೆಯ ಮುಂದೆ ನಿಂತದ್ದು ಎರಡು ಸಲ. ಅಲ್ಲೀಗ ಬೇರೆಯವರಿದ್ದರು.

"ಡಾಕ್ಟರ್‌ಗೆ ತೋರಿಸೋಣ ಎಮಿಲ್."

"ತೋರ್ಸಿದ್ರೆ ಏನ್ಮಾಡ್ತಾರೆ? ಎರಡು ಬೆರಳು ತೋರಿಸ್ತಾರೆ."

"ನಗಬೇಡ. ನನಗೆ ನಗು ಬರ್ತಿಲ್ಲ."

"ನಂಗೂ ಬರ್ತಿಲ್ಲ ಕಣೆ. ಈ ವರ್ಷ ಮುಗೀಲಿ."

ಈ ವರ್ಷ ಅಂದರೆ ಅರವತ್ತೈದು. ಅವರ ಒಪ್ಪಂದ ಮೂರು ವರ್ಷದ್ದು, ಆ ನವೆಂಬರಿಗೆ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಅಂತ ಕೊನೆಯ ಪಂದ್ಯ ನೋಡಿ ತೀರ್ಮಾನ ಅಂತ ವಿಟ್ಮರ್ ಹೇಳಿದ್ದರು. ಕೊನೆಯ ಪಂದ್ಯ ಯಾವತ್ತೂ ಗ್ರೋವ್‌ಲ್ಯಾಂಡ್ ಕಾಲೇಜಿನ ಮೇಲೆ. ನಾವು ಅವರನ್ನು ಒಂಬತ್ತು ವರ್ಷದಿಂದ ಗೆದ್ದಿರಲಿಲ್ಲ. ಹೈಸ್ಕೂಲಿನ ಹಳೆಯ ಕೆಲಸ ಬೇರೆಯವರಿಗೆ ಹೋಗಿತ್ತು. ಈ ಬಾಗಿಲು ಹಾಕಿಕೊಂಡರೆ ಮತ್ತೊಂದಿಲ್ಲ ಅಂತ ಅವರಿಗೂ ಗೊತ್ತು, ಹೆಂಡತಿಗೂ ಗೊತ್ತು, ಟೀಮಿಗೂ ಗೊತ್ತು.

ಆ ಪಂದ್ಯಕ್ಕೆ ಒಂದು ವಾರ ಮುಂಚೆ ಲೆನ್ನಿಯ ಕೊರಳೆಲುಬು ಮುರಿಯಿತು.

ಗ್ರೋವ್‌ಲ್ಯಾಂಡ್ ಪಂದ್ಯದ ದಿನ ಅವನು ಕೈಯನ್ನು ಜೋಳಿಗೆ ಪಟ್ಟಿಯಲ್ಲಿ ಕಟ್ಟಿಕೊಂಡು, ಕೋಟು ಹೊದ್ದು ಕೋಚ್ ಪಕ್ಕದಲ್ಲಿ ನಿಂತಿದ್ದ. ಅವನ ಜಾಗದಲ್ಲಿ ಕ್ಲೈಡ್ ಮೋವ್ರಿ. ಒಳ್ಳೆಯ ಹುಡುಗ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು, ಅದೇ ಕಷ್ಟ. ಕಾರ್ಬನ್ ರನ್ ಲೆಕ್ಕ ಅವನಿಗೆ ಗೊತ್ತಿಲ್ಲ. ಆದ್ದರಿಂದ ಲೆನ್ನಿ ತನ್ನ ಜಾಗ ನೋಡಿಕೊಂಡು ನಿಂತಿದ್ದ. ಸುದ್ದಿ ಒಯ್ಯುವ ಟೆಡ್ ಕೋಚ್ ಕೈಬಿಟ್ಟು ಓಡುವಾಗ ಇವನ ಮುಂದೆ ಹಾದುಹೋಗಬೇಕು. ತಪ್ಪು ಬಂದರೆ ಅಲ್ಲೇ ತಿದ್ದಿ ಕಳಿಸುವುದು. ಆ ಮಧ್ಯಾಹ್ನ ನಾಲ್ಕು ಸಲ ತಿದ್ದಿ ಕಳಿಸಿದ. ನಾವು ಮೇಲೆ ಕೂತು, ಪಾಪ ಕೈ ಮುರಿದರೂ ಹುಡುಗರಿಗೆ ಧೈರ್ಯ ಹೇಳುತ್ತಿದ್ದಾನೆ ನೋಡು ಅಂದುಕೊಂಡೆವು.

ಇನ್ನು ನಲವತ್ತು ಸೆಕೆಂಡು. ಗ್ರೋವ್‌ಲ್ಯಾಂಡ್ ಇಪ್ಪತ್ತು, ನಾವು ಹದಿನಾಲ್ಕು. ಗೆರೆಗೆ ಮೂರು ಗಜ, ಇದೊಂದೇ ಅವಕಾಶ. ದಾಟಿದರೆ ಸರಿಸಮ, ಮೇಲೊಂದು ಒದೆತ ಕಂಬದ ನಡುವೆ ಹೋದರೆ ಗೆಲುವು. ಅವರ ಸಾಲಿನಲ್ಲಿ ನಮ್ಮ ಬಲಕ್ಕೆ ನಿಂತಿದ್ದ ದೈತ್ಯ ಕಾಲು ಉಳುಕಿ ಹೊರಗೆ ಹೋಗಿ, ಅವನ ಜಾಗಕ್ಕೆ ಕಡ್ಡಿಯಂಥವನೊಬ್ಬ ಬಂದಿದ್ದ. ಕೋಚ್ ಅದನ್ನು ಗ್ಯಾಲರಿಯಲ್ಲಿದ್ದ ನಮಗಿಂತ, ಮೈದಾನದಲ್ಲಿದ್ದ ಎಲ್ಲರಿಗಿಂತ ಮೊದಲು ನೋಡಿದ್ದರು. ಕಣ್ಣು ಅಲ್ಲೇ ನೆಟ್ಟು, ಟೆಡ್‌ನ ಭುಜ ಹಿಡಿದು, "ಇಪ್ಪತ್ತೇಳು," ಅಂದರು.

ಟೆಡ್ ಎರಡು ಹೆಜ್ಜೆ ಓಡಿದ.

"ಇಪ್ಪತ್ತೆಂಟು ಅನ್ನು," ಅಂದ ಲೆನ್ನಿ.

ಅಷ್ಟು ಹೊತ್ತೂ ಬಡಿಯುತ್ತಿದ್ದ ಬ್ಯಾಂಡು ಆ ಒಂದು ಗಳಿಗೆ ಉಸಿರು ಬಿಗಿಹಿಡಿದು ನಿಂತಿತ್ತು. ಮಾತು ಸ್ಪಷ್ಟವಾಗಿ ಕೇಳಿಸಿತು.

"ಟೆಡ್, ನಿಲ್ಲು. ಲೆನ್ನಿ, ಅವನಿಗೆ ಏನಂದೆ?"

"ಏನಿಲ್ಲ ಕೋಚ್."

"ಏನೋ ಅಂದೆ."

"ಇಪ್ಪತ್ತೆಂಟು ಅಂದೆ. ನೀವು ಬಲಕ್ಕೆ ತಾನೆ ಹೇಳ್ತಿರೋದು ಕೋಚ್?"

"ಬಲಕ್ಕೇ. ಇಪ್ಪತ್ತೇಳು."

"ಕೋಚ್, ಇಲ್ಲಿ ಇಪ್ಪತ್ತೇಳು ಅಂದ್ರೆ..."

"ಲೆನ್ನಿ, ಈ ಟೀಮಿಗೆ ಕೋಚ್ ಯಾರು? ನಾನಾ, ನೀನಾ?"

ಸುತ್ತ ಇಪ್ಪತ್ತು ಮೂವತ್ತು ಹುಡುಗರು ನಿಂತಿದ್ದರು. ಲೆನ್ನಿ ಒಮ್ಮೆ ಅವರ ಮುಖ ನೋಡಿದ, ಒಮ್ಮೆ ಕೋಚ್ ಮುಖ ನೋಡಿದ. ಎಲ್ಲರ ಎದುರಿಗೆ, ನಿಮಗೆ ಎಡ ಬಲ ಮರೆತುಹೋಗಿದೆ ಅಂತ ಹೇಗೆ ಹೇಳುವುದು?

"ನೀವೇ ಕೋಚ್," ಅಂದ.

"ಹೋಗು ಟೆಡ್. ಇಪ್ಪತ್ತೇಳು."

ಕ್ಲೈಡ್ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಹನ್ನೊಂದು ಜನ ಒಟ್ಟಿಗೆ ಎಡಕ್ಕೆ ತಿರುಗಿದರು. ಎಡಗಡೆ ಗ್ರೋವ್‌ಲ್ಯಾಂಡಿನ ಇದ್ದಬದ್ದ ಶಕ್ತಿಯೆಲ್ಲ ಒಂದೇ ಕಡೆ ಕಾದು ಕೂತಿತ್ತು. ಓಟಗಾರ ಮೂರು ಗಜ ಹೋಗಬೇಕಿದ್ದವನು ನಾಲ್ಕು ಗಜ ಹಿಂದಕ್ಕೆ ಬಿದ್ದ. ಬಲಗಡೆ, ಆ ಕಡ್ಡಿಯಂಥ ಹುಡುಗ ಒಬ್ಬನೇ, ಯಾರೂ ತನ್ನ ಹತ್ತಿರ ಯಾಕೆ ಬರಲಿಲ್ಲ ಅಂತ ತಿಳಿಯದೆ ಸುತ್ತ ನೋಡುತ್ತಿದ್ದ.

ಕೋಚ್ ಆ ಹುಡುಗನನ್ನೇ ನೋಡುತ್ತ ನಿಂತಿದ್ದರು. ಗ್ಯಾಲರಿ ಖಾಲಿಯಾಗುವವರೆಗೂ.

ಹುಡುಗರು ಸ್ನಾನ ಮಾಡಿ ಹೊರಟ ಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಒಂದು ಕೈಯಲ್ಲಿ ಶೂ ದಾರ ಕಟ್ಟಲು ಒದ್ದಾಡುತ್ತಿದ್ದ ಲೆನ್ನಿಯ ಮುಂದೆ ಕೋಚ್ ಮೊಣಕಾಲೂರಿ ಕೂತು ತಾವೇ ಕಟ್ಟಿದರು.

"ಎಷ್ಟು ಸಲ ಲೆನ್ನಿ?"

"ಬಿಡಿ ಕೋಚ್."

"ಬಿಡಲ್ಲ. ಎಷ್ಟು ಸಲ?"

"ಈ ವರ್ಷ ಮೂವತ್ತರ ಮೇಲೆ."

"ಹೋದ ವರ್ಷ?"

ಲೆನ್ನಿ ಕೈ ಕಟ್ಟಿದ್ದ ಪಟ್ಟಿಯನ್ನು ಸರಿಮಾಡಿಕೊಂಡ.

"ಮೊದಲ್ನೇ ವರ್ಷದ ಆ ಇಪ್ಪತ್ತೈದು? ಮೂವತ್ತು ಗಜ ಹೋದ್ರಲ್ಲ, ಅದು?"

"ಅದೂ, ಕೋಚ್."

ಕೋಚ್ ಎರಡನೇ ಶೂವಿನ ದಾರವನ್ನೂ ಕಟ್ಟಿದರು. ನಿಧಾನವಾಗಿ, ಎರಡು ಗಂಟು ಹಾಕಿ.

"ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ಅವರು ನಿಮ್ಮನ್ನ ಕಳಿಸಿಬಿಡ್ತಾರೆ ಅನ್ನಿಸ್ತು."

"ನಾನು ಗೆದ್ದೆ ಅಂದ್ಕೊಂಡಿದ್ನಲ್ಲೋ," ಅಂದರು ಕೋಚ್. ಬೈದ ಹಾಗೆ ಇರಲಿಲ್ಲ. ಏನೋ ಕಳೆದುಹೋದದ್ದನ್ನು ಎಲ್ಲಿಟ್ಟೆ ಅಂತ ಕೇಳಿದ ಹಾಗಿತ್ತು ಅನ್ನುತ್ತಾನೆ ಲೆನ್ನಿ, ಇವತ್ತಿಗೂ ಅದನ್ನು ಹೇಳುವಾಗ ಅವನು ಬೇರೆ ಕಡೆ ನೋಡುತ್ತಾನೆ.

ಸೋಮವಾರ ಬೆಳಿಗ್ಗೆ ವಿಟ್ಮರ್ ಕರೆಸಿದರು. ಎಮಿಲ್ ಕೋಟು ಟೈ ಹಾಕಿಕೊಂಡು, ಹೇಳಬೇಕಾದ ಮಾತನ್ನು ಹೆಂಡತಿಯ ಮುಂದೆ ಎರಡು ಸಲ ಹೇಳಿ ನೋಡಿ, ಹೋದರು. ವಿಟ್ಮರ್ ಮೇಜಿನ ಮೇಲೆ ಹೊಸ ಒಪ್ಪಂದ ಇತ್ತು.

"ಒಂಬತ್ತು ವರ್ಷದಲ್ಲಿ ಇಷ್ಟು ಹತ್ತಿರ ಬಂದಿರ್ಲಿಲ್ಲ ಎಮಿಲ್. ಇನ್ನೂ ಮೂರು ವರ್ಷ. ಸಹಿ ಮಾಡಿ."

"ಪ್ರೊಫೆಸರ್, ಕೊನೇ ಆಟದ ಬಗ್ಗೆ ಒಂದು ವಿಷಯ..."

"ಅದನ್ನೇ ನಾನೂ ಹೇಳ್ಬೇಕಂತಿದ್ದೆ. ಇಡೀ ಗ್ಯಾಲರಿ ಬಲಕ್ಕೆ ಹೋಗ್ತಾರೆ ಅಂತ ಕಾದಿತ್ತು, ನೀವು ಎಡಕ್ಕೆ ಕಳಿಸಿದ್ರಿ. ಎಂಥ ಗುಂಡಿಗೆ ರೀ ನಿಮ್ದು. ಸೋತ್ರೂ ಅಂಥಾ ಸೋಲು ಸೋಲ್ಬೇಕು."

ಎಮಿಲ್ ಬಾಯಿ ತೆರೆದರು. ಅಂಗಳದ ಆಚೆ ಮೈದಾನ ಕಾಣುತ್ತಿತ್ತು, ಯಾರೋ ಗೋಲು ಕಂಬಕ್ಕೆ ಕಟ್ಟಿದ್ದ ಬಣ್ಣದ ಕಾಗದ ಬಿಚ್ಚುತ್ತಿದ್ದರು. ಹದಿನೇಳು ವರ್ಷದ ಜನವರಿಗಳು, ಆ ಕಾಗದಗಳು, ಒಳ್ಳೆಯ ಹೈಸ್ಕೂಲ್ ಕೋಚ್. ಲೆನ್ನಿ ಮೇ ತಿಂಗಳಲ್ಲಿ ಪದವಿ ಮುಗಿಸಿ ಹೋಗುತ್ತಾನೆ, ಮುಂದಿನ ವರ್ಷ ತಿದ್ದುವವರು ಯಾರೂ ಇಲ್ಲ, ಇದು ಅವರಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಪೆನ್ನು ತೆಗೆದುಕೊಂಡು ಸಹಿ ಮಾಡಿದರು.

ಆ ಬೇಸಿಗೆ ಅವರ ಅಡಿಗೆಮನೆಯೇ ಮೈದಾನವಾಯಿತು. ವೆರೋನಾ ಒಲೆಯ ಮುಂದೆ ನಿಂತು ಕೋಸಿನ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತುತ್ತ, ಹಿಂದೆ ತಿರುಗದೆ ಸಂಖ್ಯೆ ಹೇಳುವರು. ಇವರು ಮೇಜಿನ ಮುಂದೆ ಕೂತು ಕೈ ತೋರಿಸಬೇಕು.

"ಮೂವತ್ತಾರು."

"ಬಲ."

"ನಲವತ್ತೊಂದು."

"ಎಡ."

"ಇಪ್ಪತ್ತೇಳು."

"ಎಡ. ಎಡ. ಸತ್ತರೂ ಎಡ."

"ನೂರಕ್ಕೆ ನೂರು ಬಂತಲ್ಲೋ."

"ಅಡಿಗೆಮನೇಲಿ ಬರುತ್ತೆ ಕಣೆ. ಇಲ್ಲಿ ಯಾರೂ ನನ್ನ ಎದೆ ಮೇಲೆ ಕೂತಿರಲ್ಲ."

"ಹಂಗಾದ್ರೆ ನಿನ್ನ ಲೆಕ್ಕಾನೇ ಎಲ್ರಿಗೂ ಕಲಿಸಿಬಿಡು. ಪ್ರಾಸರ್ ಮೇಷ್ಟ್ರದ್ದು. ಅವರು ಕಲೀತಾರೆ, ಎಳೇ ಹುಡುಗ್ರು."

"ಮೂರು ವರ್ಷ ಬಿಟ್ಟು ಈಗ ಯಾಕೆ ಅಂತ ಕೇಳ್ತಾರೆ."

"ಕೇಳ್ಲಿ. ಹೇಳು."

ಎಮಿಲ್ ಎರಡೂ ಕೈಯನ್ನು ಮತ್ತೆ ಮೇಜಿನ ಮೇಲಿಟ್ಟುಕೊಂಡರು. "ಮುಂದಿನ ಸಂಖ್ಯೆ ಹೇಳು," ಅಂದರು.

ಅರವತ್ತಾರರ ಮೊದಲ ಪಂದ್ಯ ಸೋತೆವು, ಎರಡನೆಯದು ಸೋತೆವು. ಕ್ಲೈಡ್ ಪ್ರತಿ ಸಂಖ್ಯೆಯನ್ನೂ ಬಂದ ಹಾಗೇ ಕೂಗಿದ, ಹುಡುಗರು ಪ್ರತಿ ಸಲ ಗೋಡೆಗೆ ಹೋಗಿ ಗುದ್ದಿದರು. ಮೂರನೇ ಪಂದ್ಯಕ್ಕೆ ಕೋಚ್ ಒಂದು ಉಪಾಯ ಮಾಡಿ ಸಂಖ್ಯೆಯ ಜೊತೆ ದಿಕ್ಕನ್ನೂ ಹೇಳಿ ಕಳಿಸತೊಡಗಿದರು. ಒಳ್ಳೆಯದೇ, ಆದರೆ ಬಿಸಿ ಏರಿದಾಗ "ಇಪ್ಪತ್ತೇಳು, ಬಲಕ್ಕೆ" ಅಂತ ಬಂತು. ಟೆಡ್ ಹೇಳಿದ, ಕ್ಲೈಡ್ ಕೇಳಿದ, ಇಬ್ಬರೂ ಮುಖ ಮುಖ ನೋಡಿಕೊಂಡರು, ಸಂಖ್ಯೆ ನಂಬುವುದೋ ದಿಕ್ಕು ನಂಬುವುದೋ ತಿಳಿಯದೆ ಅರ್ಧ ಟೀಮು ಎಡಕ್ಕೂ ಅರ್ಧ ಟೀಮು ಬಲಕ್ಕೂ ಹೋಯಿತು. ಚೆಂಡು ಹಿಡಿದ ಕ್ಲೈಡ್ ನಡುವೆ ಒಬ್ಬನೇ ನಿಂತಿದ್ದ. ಎದುರಾಳಿಗಳೂ ಒಂದು ಕ್ಷಣ ಅವನನ್ನು ಬೀಳಿಸದೆ ನಿಂತುಬಿಟ್ಟರು, ಅಷ್ಟು ವಿಚಿತ್ರವಾಗಿತ್ತು. ಗ್ಯಾಲರಿ ನಕ್ಕಿತು. ನಾವೂ ನಕ್ಕೆವು.

ಮುಂದಿನ ಶನಿವಾರ ಅವರು ಎಡಗೈ ಮೇಲೆ ಒಂದು, ಮೂರು, ಐದು, ಏಳು ಅಂತಲೂ ಬಲಗೈ ಮೇಲೆ ಎರಡು, ನಾಲ್ಕು, ಆರು, ಎಂಟು ಅಂತಲೂ ಕಪ್ಪು ಶಾಯಿಯಲ್ಲಿ ಬರೆದುಕೊಂಡು ಬಂದರು. ಮಳೆ ಬಂತು. ಅರ್ಧ ಆಟದ ಹೊತ್ತಿಗೆ ಎರಡೂ ಕೈ ಕಪ್ಪಾಗಿತ್ತು, ಬೆವರು ಒರೆಸಿಕೊಂಡ ಮುಖವೂ ಕಪ್ಪಾಗಿತ್ತು. ಗ್ಯಾಲರಿಯಿಂದ ಯಾರೋ, "ಕೋಚ್, ಗಣಿಯಿಂದ ನೇರ ಬಂದ್ರಾ?" ಅಂತ ಕೂಗಿದರು. ಇಡೀ ಜೀವಮಾನ ಆ ಗಣಿಗೆ ಇಳಿಯದೆ ತಪ್ಪಿಸಿಕೊಂಡ ಮನುಷ್ಯ. ಅವರು ತಿರುಗಿ ನೋಡಲಿಲ್ಲ. ಆವತ್ತು ಮನೆಯಲ್ಲಿ ವೆರೋನಾ ಬಿಸಿನೀರು, ಸೋಪು ಹಾಕಿ ಒಂದೊಂದೇ ಬೆರಳು ತೊಳೆದರು, ಶಾಯಿ ಪೂರ್ತಿ ಹೋಗಲಿಲ್ಲ.

ಎಂಟು ಪಂದ್ಯ, ಎಂಟು ಸೋಲು. ಕೊನೆಗೆ ಕ್ಲೈಡನೇ ವಿಟ್ಮರ್ ಹತ್ತಿರ ಹೋಗಿ ಹೇಳಿದ. ದೂರು ಹೇಳಲು ಹೋದದ್ದಲ್ಲ. "ಕೋಚ್‌ಗೆ ಏನೋ ಆಗ್ತಿದೆ ಸಾರ್, ಯಾರಾದ್ರೂ ನೋಡಿ," ಅಂತ ಹೇಳಿ ಅವನೇ ಅತ್ತನಂತೆ. ವಿಟ್ಮರ್‌ಗೆ ಹಿಂದಿನ ನವೆಂಬರಿನ ಆ ಆಟ ಆಗ ಅರ್ಥವಾಯಿತು. ಎಮಿಲ್ ಅವರನ್ನು ಕರೆಸಿ, ಕೊನೆಯ ಪಂದ್ಯಕ್ಕೆ ಸಂಖ್ಯೆ ಹೇಳುವ ಕೆಲಸ ಸಹಾಯಕ ಕೋಚ್ ಫಿಲ್ ರೆನರ್ ನೋಡಿಕೊಳ್ಳಲಿ, ಮುಂದಿನ ವರ್ಷದಿಂದ ಟೀಮೂ ಅವನದೇ ಅಂದರು.

"ಗ್ರೋವ್‌ಲ್ಯಾಂಡಿಗೆ ಬನ್ನಿ ಎಮಿಲ್. ಟೀಮಿನ ಜೊತೆ ಬನ್ನಿ. ಮರ್ಯಾದೆಗೆ."

"ಬರ್ತೀನಿ ಪ್ರೊಫೆಸರ್," ಅಂದರು ಎಮಿಲ್. ಇವರದು ಯಾವತ್ತೂ ಅದೇ ಗುಣ, ಮರ್ಯಾದೆ ಅಂದರೆ ಇಲ್ಲ ಅನ್ನಲು ಬರುವುದಿಲ್ಲ.

ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಬಸ್ಸು ಜಿಮ್ ಮುಂದೆ ನಿಂತಿತ್ತು. ಹುಡುಗರೆಲ್ಲ ಆಗಲೇ ಹತ್ತಿ ಕೂತಿದ್ದರು. ಎಮಿಲ್ ಕೊನೆಗೆ ಹತ್ತಿದರು, ಡ್ರೈವರ್‌ಗೆ ನಮಸ್ಕಾರ ಹೇಳಿದರು, ಡ್ರೈವರ್ ಹಿಂದಿನ ಮೊದಲ ಸೀಟಿಗೆ ತಿರುಗಿದರು. ಕೋಚ್ ಸೀಟು ಅದು, ಯಾವ ಟೀಮಿನ ಬಸ್ಸಾದರೂ. ಅಲ್ಲಿ ರೆನರ್‌ನ ಚೀಲ ಇತ್ತು, ಅವನ ಕಾಗದಗಳಿದ್ದವು, ಅವನೂ ಇದ್ದ.

ರೆನರ್ ತಡಬಡಿಸಿ ಅರ್ಧ ಎದ್ದ. "ಕೋಚ್, ನೀವು ಇಲ್ಲಿ..."

"ಕೂತ್ಕೊ ಫಿಲ್. ನಿಂಗೆ ಕೆಲಸ ಇದೆ."

ನಡುವಿನ ಹಾದಿಯಲ್ಲಿ ಹಿಂದಕ್ಕೆ ನಡೆದರು. ಎರಡೂ ಕಡೆ ಹುಡುಗರು ಕಿಟಕಿಯಾಚೆ ನೋಡುತ್ತಿದ್ದರು, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕ್ಲೈಡ್ ಮಾತ್ರ ಎದ್ದು ನಿಂತ.

"ಇಲ್ಲಿ ಬನ್ನಿ ಕೋಚ್. ನಾನು ನಿಂತಿರ್ತೀನಿ."

"ಎರಡು ಗಂಟೆ ನಿಂತು ಹೋಗಿ ಹೆಂಗೋ ಆಡ್ತೀಯ? ಕೂತ್ಕೊ."

ಖಾಲಿ ಇದ್ದದ್ದು ಕಟ್ಟಕಡೆಯ ಸಾಲು. ಅಲ್ಲಿ ಅರ್ಧ ಜಾಗದಲ್ಲಿ ಹೆಲ್ಮೆಟ್ ತುಂಬಿದ ದೊಡ್ಡ ಕ್ಯಾನ್‌ವಾಸ್ ಚೀಲಗಳಿದ್ದವು. ಒಂದನ್ನು ಪಕ್ಕಕ್ಕೆ ಸರಿಸಿ ಕೂತರು. ಬಸ್ಸು ಹೊರಟಿತು. ಮುಂದೆ ರೆನರ್ ಎದ್ದು ನಿಂತು ಆವತ್ತಿನ ಆಟದ ಬಗ್ಗೆ ಹುಡುಗರಿಗೆ ಏನೋ ಹೇಳುತ್ತಿದ್ದ, ಎಂಜಿನ್ ಸದ್ದಿನಲ್ಲಿ ಹಿಂದಿನವರೆಗೆ ಕೇಳಿಸುತ್ತಿರಲಿಲ್ಲ. ಬೆಟ್ಟದ ದಾರಿ, ಇಳಿಜಾರು, ಮೇಲಿಂದ ಮೇಲೆ ತಿರುವು. ಮೊದಲ ತಿರುವಿನಲ್ಲೇ ಚೀಲ ಜಾರಿ ಅವರ ಕಾಲ ಮೇಲೆ ಬಿತ್ತು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಎರಡೂ ತೋಳು ಸುತ್ತಿ, ಗ್ರೋವ್‌ಲ್ಯಾಂಡ್ ಬರುವವರೆಗೆ ಬೀಳದ ಹಾಗೆ ಹಿಡಿದುಕೊಂಡಿದ್ದರು.